ರಾತ್ರಿ 2 ಗಂಟೆಯ ಬ್ಯಾಕಪ್ ಎರಡು ತಿಂಗಳಿಂದ ಓಡೇ ಇಲ್ಲ. ಕ್ರಾನ್‌ನಲ್ಲಿ ಎಲ್ಲಿ ತಪ್ಪಿದೆ?

ತುಂಗಾತೀರ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮಪ್ಪನ ಗೊಬ್ಬರದ ಅಂಗಡಿ ಇದೆ. ಬಿಲ್ಲಿಂಗ್‌ಗೆ ಉಬುಂಟು (ಲಿನಕ್ಸ್) ಹಾಕಿದ ಒಂದು ಡೆಸ್ಕ್‌ಟಾಪ್ ಇಟ್ಟಿದ್ದೇವೆ. ಲೆಕ್ಕವೆಲ್ಲ ಒಂದೇ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿನಲ್ಲಿದೆ. ಯುಗಾದಿ ಕಳೆದ ಮೇಲೆ ನಾನೇ ಕೂತು ಬ್ಯಾಕಪ್ ಸ್ಕ್ರಿಪ್ಟ್ ಬರೆದೆ. ಫೈಲನ್ನು ಎರಡನೇ ಡಿಸ್ಕಿಗೆ ಕಾಪಿ ಮಾಡಿ ತಾರೀಕು ಹಾಕಿ ಇಡುತ್ತದೆ, ಅಷ್ಟೇ. ಕೈಯಲ್ಲಿ ಓಡಿಸಿ ನೋಡಿದೆ, ಸರಿಯಾಗಿತ್ತು. ದಿನಾ ರಾತ್ರಿ 2ಕ್ಕೆ ತಾನೇ ಓಡಲೆಂದು ಕ್ರಾನ್‌ಟ್ಯಾಬ್‌ಗೆ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಎಂಬ ಪ್ರೋಗ್ರಾಂ ಓದುವ ಪಟ್ಟಿ) ಈ ಸಾಲು ಹಾಕಿ ನೆಮ್ಮದಿಯಾಗಿ ಬೆಂಗಳೂರಿಗೆ ಬಂದೆ.

`0 2 * * * ಬ್ಯಾಕಪ್.ಎಸ್‌ಎಚ್ > ಲಾಗ್-$(ಡೇಟ್ +%ಎಫ್)`

(ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಮಷೀನಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಇದೆ.)

ಹೋದ ಗುರುವಾರ ಮಳೆಗೆ ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈ ಕೊಟ್ಟಿತು. ಆಮೇಲೆ ಬಿಲ್ಲಿಂಗ್ ಫೈಲ್ ತೆರೆಯುತ್ತಿಲ್ಲ. ಬ್ಯಾಕಪ್ ಫೋಲ್ಡರ್ ನೋಡಿದರೆ ಒಂದೇ ಒಂದು ಫೈಲ್. ನಾನು ಮೊದಲ ದಿನ ಕೈಯಲ್ಲಿ ಓಡಿಸಿದ್ದು. ಎರಡು ತಿಂಗಳಲ್ಲಿ ಒಂದು ದಿನವೂ ಓಡಿಲ್ಲ. ಅಪ್ಪ ಉದ್ರಿಯನ್ನು ಮಾತ್ರ ಕೆಂಪು ಪುಸ್ತಕದಲ್ಲೂ ಬರೆದಿಟ್ಟಿದ್ದರು, ಅದರಿಂದ ಬಚಾವಾದೆವು. ಈಗ ದಿನಾ ರಾತ್ರಿ ಅಮ್ಮ ಓದುತ್ತಾರೆ, ಅಪ್ಪ ಒಂದೊಂದೇ ಟೈಪ್ ಮಾಡುತ್ತಾರೆ. ಬಿತ್ತನೆ ಟೈಮು, ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಅವರಿಗೆ ಈ ಕೆಲಸ ತಂದಿಟ್ಟವನು ನಾನೇ ಎಂದು ಬಹಳ ಬೇಜಾರಾಗಿದೆ.

ಎಲ್ಲಿ ತಪ್ಪಾಗಿದೆ ಹೇಳಿ. ಇನ್ನೊಂದು ವಿಷಯ. ಬರುವ ಶನಿವಾರ ಸಂಜೆ 6ಕ್ಕೆ ಒಂದು ರಿಪೋರ್ಟ್ ಒಂದೇ ಸಲ ಓಡಬೇಕು, ಆಡಿಟರ್‌ಗೆ ಕೊಡಲಿಕ್ಕೆ. ಆ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತೇನೆ. ಅದಕ್ಕೂ ಕ್ರಾನ್ ಹಾಕಬೇಕಾ?

ಕಡಲದಂಡೆ · ರಾತ್ರಿ 9:46

ರಾತ್ರಿ 2ಕ್ಕೆ ಆ ಕಂಪ್ಯೂಟರ್ ಆನ್ ಇರುತ್ತದಾ?

ತುಂಗಾತೀರ · ರಾತ್ರಿ 9:51

ಇಲ್ಲ. ಅಪ್ಪ 8:30ಕ್ಕೆ ಬಾಗಿಲು ಹಾಕುವಾಗ ಆಫ್ ಮಾಡುತ್ತಾರೆ. ಅದು ನನಗೆ ಹೊಳೆಯಲೇ ಇಲ್ಲ. ಆದರೆ ಸ್ಟಾಕ್ ಲೆಕ್ಕ ಹಾಕುವಾಗ ನಾಲ್ಕು ರಾತ್ರಿ ಆನ್ ಇತ್ತು. ಆಗಲೂ ಬ್ಯಾಕಪ್ ಆಗಿಲ್ಲವಲ್ಲ?

ರಾತ್ರಿಪಾಳಿ · ರಾತ್ರಿ 10:12

ಹಾಗಾದರೆ ನಿಮ್ಮಲ್ಲಿರುವುದು ಒಂದು ತೊಂದರೆಯಲ್ಲ, ಒಂದರ ಮೇಲೊಂದು ಕೂತಿವೆ. ಒಂದೊಂದಾಗಿ ಬಿಡಿಸೋಣ.

ಕ್ರಾನ್ ನಿಮಿಷಕ್ಕೊಮ್ಮೆ ಎದ್ದು ಗಡಿಯಾರ ನೋಡುತ್ತದೆ. ಈ ನಿಮಿಷಕ್ಕೆ ಯಾವ ಸಾಲು ಹೊಂದುತ್ತದೋ ಅದನ್ನು ಓಡಿಸುತ್ತದೆ, ಮತ್ತೆ ಮಲಗುತ್ತದೆ. ಬೆಳಿಗ್ಗೆ ಮಷೀನ್ ಆನ್ ಮಾಡಿದಾಗ "ರಾತ್ರಿ ಏನೋ ಬಿಟ್ಟುಹೋಗಿದೆ" ಎಂದು ಹಿಂತಿರುಗಿ ನೋಡುವುದಿಲ್ಲ. ಹಗಲೂ ರಾತ್ರಿ ಓಡುವ ಸರ್ವರ್‌ಗಳಿಗೆಂದು ಮಾಡಿದ್ದು ಅದು.

ಆನ್ ಇದ್ದ ನಾಲ್ಕು ರಾತ್ರಿ ಯಾಕೆ ಓಡಲಿಲ್ಲ? ನಿಮ್ಮ ಸಾಲಿನಲ್ಲಿರುವ % ನೋಡಿ. ಕ್ರಾನ್‌ಟ್ಯಾಬ್‌ನಲ್ಲಿ ಅದಕ್ಕೆ ಬೇರೆಯೇ ಅರ್ಥ. ಮೊದಲ % ಬಂದ ಕೂಡಲೇ ಆಜ್ಞೆ ಅಲ್ಲಿಗೆ ಮುಗಿಯಿತು, ಆಮೇಲಿನದೆಲ್ಲ ಆ ಆಜ್ಞೆಗೆ ಕೊಡುವ ಇನ್‌ಪುಟ್ ಎಂದು ಅದು ತಿಳಿಯುತ್ತದೆ. ಶೆಲ್ಲಿಗೆ (ಆಜ್ಞೆ ಓದಿ ಓಡಿಸುವ ಪ್ರೋಗ್ರಾಂ) ತಲುಪಿದ್ದು ಅರ್ಧಕ್ಕೆ ಕತ್ತರಿಸಿದ ಸಾಲು. ಆವರಣ ತೆರೆದಿದೆ, ಮುಚ್ಚಿಲ್ಲ. ಸ್ಕ್ರಿಪ್ಟ್ ಶುರುವೇ ಆಗಿಲ್ಲ. % ಮುಂದೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಬೇಕು: `\%ಎಫ್`. ಇನ್ನೂ ಒಳ್ಳೆಯದು ಅಂದರೆ ಡೇಟ್ ಎಲ್ಲ ಸ್ಕ್ರಿಪ್ಟ್ ಒಳಗೇ ಇಟ್ಟು, ಕ್ರಾನ್ ಸಾಲನ್ನು ಚಿಕ್ಕದಾಗಿ ಇಡುವುದು.

ಅದು ಸರಿ ಇದ್ದಿದ್ದರೂ ಮುಂದಿನದು ಹಿಡಿಯುತ್ತಿತ್ತು. ಬರೀ "ಬ್ಯಾಕಪ್.ಎಸ್‌ಎಚ್" ಎಂದರೆ ಕ್ರಾನ್‌ಗೆ ಅದು ಎಲ್ಲಿದೆ ಅಂತ ಗೊತ್ತಿಲ್ಲ. ನಿಮ್ಮ ಟರ್ಮಿನಲ್ಲಿನ ಪಾತ್ (ಪ್ರೋಗ್ರಾಂ ಹುಡುಕುವ ಫೋಲ್ಡರುಗಳ ಪಟ್ಟಿ) ಬೇರೆ, ಕ್ರಾನ್‌ನ ಪಾತ್ ಬೇರೆ. ಅದಕ್ಕೆ ಸಿಗುವುದು ಯುಎಸ್‌ಆರ್ ಬಿನ್ ಮತ್ತು ಬಿನ್ ಎಂಬ ಎರಡು ಫೋಲ್ಡರ್, ಅಷ್ಟೇ. ನಿಮ್ಮ ಟರ್ಮಿನಲ್ಲಿನ ಸೆಟ್ಟಿಂಗ್ ಇರುವ ಬ್ಯಾಶ್‌ಆರ್‌ಸಿ ಫೈಲನ್ನು ಅದು ಓದುವುದಿಲ್ಲ. ಯಾವಾಗಲೂ ಫೈಲ್ ಇರುವ ಜಾಗದ ಪೂರ್ತಿ ಪಾತ್ ಬರೆಯಿರಿ. ಶೆಲ್ ಕೂಡ ಬ್ಯಾಶ್ ಅಲ್ಲ, ಎಸ್‌ಎಚ್. ಉಬುಂಟುನಲ್ಲಿ ಅದು ಡ್ಯಾಶ್.

ಸಿಸ್‌ಲಾಗ್‌ನಲ್ಲಿ (ಮಷೀನಿನ ದಿನಚರಿ ಫೈಲ್) ಆ ನಾಲ್ಕು ರಾತ್ರಿ ಏನು ಬರೆದಿದೆ ನೋಡಿ ಹಾಕ್ತೀರಾ?

ತುಂಗಾತೀರ · ರಾತ್ರಿ 10:40

ತಮ್ಮನಿಗೆ ಫೋನ್ ಮಾಡಿ ನೋಡಿಸಿದೆ. ನಾಲ್ಕು ರಾತ್ರಿಯೂ ಸರಿಯಾಗಿ 2:00:01ಕ್ಕೆ ಕ್ರಾನ್ ಆ ಸಾಲನ್ನು ಎತ್ತಿಕೊಂಡಿದೆ. ಅದರ ಕೆಳಗೇ ಇನ್ನೊಂದು ಸಾಲು: ಎಂಟಿಎ ಇಲ್ಲ, ಔಟ್‌ಪುಟ್ ಎಸೆಯುತ್ತಿದ್ದೇನೆ ಎಂಬ ಅರ್ಥದ್ದು. ಇದೇನು?

ರಾತ್ರಿಪಾಳಿ · ರಾತ್ರಿ 10:44

ಅದೇ ನೋಡಿ. ಕೆಲಸ ಏನಾದರೂ ಬಾಯಿಬಿಟ್ಟರೆ, ಎರರ್ ಆಗಲಿ ಮಾತಾಗಲಿ, ಕ್ರಾನ್ ಅದನ್ನು ನಿಮಗೆ ಮೇಲ್ ಮಾಡಲು ನೋಡುತ್ತದೆ. ಮೇಲ್ ಕಳಿಸುವ ಪ್ರೋಗ್ರಾಂ, ಅಂದರೆ ಎಂಟಿಎ, ಆ ಮಷೀನಿನಲ್ಲಿ ಇಲ್ಲ. ಅದಕ್ಕೆ ಎರರ್ ಸಂದೇಶವನ್ನೇ ಎಸೆದುಬಿಟ್ಟಿದೆ. ನಾಲ್ಕು ರಾತ್ರಿಯೂ ಅದು ಹೇಳಿದೆ, ಕೇಳುವವರು ಯಾರೂ ಇರಲಿಲ್ಲ. ಸಾಲಿನ ಕೊನೆಗೆ `>> ಪೂರ್ತಿಪಾತ್/ಬ್ಯಾಕಪ್.ಲಾಗ್ 2>&1` ಹಾಕಿ. ಕೊನೆಯ ಆ 2>&1 ಬಿಟ್ಟರೆ ಲಾಗ್ ಫೈಲಿಗೆ ಎರರ್ ಬರುವುದಿಲ್ಲ.

ಸಂಪಿಗೆಮರ · ರಾತ್ರಿ 10:58

ಕ್ರಾನ್ ಮಾತು ಆಮೇಲೆ. ಮೊದಲು ಒಂದು ಹೇಳುತ್ತೇನೆ, ಕೆಟ್ಟ ಫೈಲನ್ನು ದಯವಿಟ್ಟು ಡಿಲೀಟ್ ಮಾಡಬೇಡಿ. ಅದರದ್ದೊಂದು ಕಾಪಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಆಮೇಲೆ ಆ ಕಾಪಿಯ ಮೇಲೆ ಎಸ್‌ಕ್ಯೂಲೈಟ್3ರ `.ರಿಕವರ್` ಓಡಿಸಿ. ಓದಲಿಕ್ಕೆ ಆಗುವ ಪುಟಗಳಿಂದ ಸಿಕ್ಕಷ್ಟನ್ನು ಎತ್ತಿ ಕೊಡುತ್ತದೆ. ಅಪ್ಪ ಟೈಪ್ ಮಾಡುವುದನ್ನು ಒಂದು ದಿನ ನಿಲ್ಲಿಸಲಿ.

ತುಂಗಾತೀರ · ರಾತ್ರಿ 11:03

ಇದು ಗೊತ್ತೇ ಇರಲಿಲ್ಲ! ಬೆಳಿಗ್ಗೆ ನೋಡುತ್ತೇನೆ.

ಕಪ್ಪುಪರದೆ · ಮಂಗಳವಾರ, ಬೆಳಿಗ್ಗೆ 7:20

ಉಬುಂಟು ಡೆಸ್ಕ್‌ಟಾಪ್ ಅಂದರೆ ಅನಾಕ್ರಾನ್ ಇದ್ದೇ ಇರಬೇಕು. ಅದು ಇಂಥ ಮಷೀನಿಗೆಂದೇ ಇರುವುದು. ಗಂಟೆ ನಿಮಿಷ ಕೇಳುವುದಿಲ್ಲ, "ದಿನಕ್ಕೊಮ್ಮೆ" "ವಾರಕ್ಕೊಮ್ಮೆ" ಎಂದು ಮಾತ್ರ ಹೇಳಬೇಕು. ಕೊನೆಗೆ ಓಡಿದ ತಾರೀಕನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮಷೀನ್ ಆನ್ ಆದಾಗ ನೋಡಿ, ಇವತ್ತಿನದು ಬಾಕಿ ಇದ್ದರೆ ಸ್ವಲ್ಪ ಹೊತ್ತು ಬಿಟ್ಟು ಓಡಿಸುತ್ತದೆ. ನೀವು ಮಾಡಬೇಕಾದ್ದು ಸ್ಕ್ರಿಪ್ಟನ್ನು ಕ್ರಾನ್.ಡೈಲಿ ಫೋಲ್ಡರಿಗೆ ಹಾಕುವುದು. ಅಲ್ಲಿ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಓಡುತ್ತದೆ ಅನ್ನುವುದು ನೆನಪಿರಲಿ.

ಆದರೆ ಹೆಸರು ಬದಲಿಸಿ. ಬರೀ "ಬ್ಯಾಕಪ್" ಎಂದಿಡಿ. ಡೆಬಿಯನ್, ಉಬುಂಟುನಲ್ಲಿ ಹೆಸರಿನಲ್ಲಿ ಚುಕ್ಕಿ ಇರುವ ಫೈಲನ್ನು ಆ ಫೋಲ್ಡರಿನಲ್ಲಿ ಮುಟ್ಟುವುದೇ ಇಲ್ಲ. ಎರರ್ ಕೂಡ ಕೊಡುವುದಿಲ್ಲ. .ಎಸ್‌ಎಚ್ ಅಂತ ಇದ್ದರೆ ಇನ್ನೂ ಎರಡು ತಿಂಗಳು ಕಾಯುತ್ತೀರಿ. `ರನ್-ಪಾರ್ಟ್ಸ್ --ಟೆಸ್ಟ್` ಎಂದು ಫೋಲ್ಡರ್ ಹೆಸರು ಕೊಟ್ಟರೆ ಯಾವ್ಯಾವುದು ಓಡುತ್ತದೆ ಎಂದು ಪಟ್ಟಿ ತೋರಿಸುತ್ತದೆ.

ಜೋಳದರೊಟ್ಟಿ · ಬೆಳಿಗ್ಗೆ 8:05

ಕ್ರಾನ್‌ಟ್ಯಾಬ್ ತಿದ್ದುವಾಗ ಹುಷಾರು. ತಿದ್ದಲಿಕ್ಕೆ -ಇ, ಪೂರ್ತಿ ಅಳಿಸಲಿಕ್ಕೆ -ಆರ್. ಕೀಬೋರ್ಡಿನಲ್ಲಿ ಎರಡೂ ಅಕ್ಕಪಕ್ಕ. -ಆರ್ ಒತ್ತಿದರೆ "ಖಂಡಿತಾನಾ?" ಎಂದು ಕೇಳುವುದಿಲ್ಲ. ನಾನು ಮೊದಲ ಕೆಲಸದಲ್ಲಿ ಒಂದು ಸರ್ವರಿನ 40ಕ್ಕೂ ಜಾಸ್ತಿ ಸಾಲುಗಳನ್ನು ಹೀಗೆ ಕಳೆದೆ. ಯಾವ ಕೆಲಸ ಎಷ್ಟು ಗಂಟೆಗೆ ಓಡುತ್ತಿತ್ತು ಎಂದು ಹಳೇ ಲಾಗ್‌ಗಳಲ್ಲಿ ಹುಡುಕಿ ಹುಡುಕಿ ಎರಡು ದಿನ ಬರೆದೆ. ಈಗ ಮೊದಲು ಫೈಲಿನಲ್ಲಿ ಬರೆಯುತ್ತೇನೆ, ಆಮೇಲೆ `ಕ್ರಾನ್‌ಟ್ಯಾಬ್ ಫೈಲ್‌ಹೆಸರು` ಎಂದು ಲೋಡ್ ಮಾಡುತ್ತೇನೆ. ಫೈಲ್ ಗಿಟ್‌ನಲ್ಲಿರುತ್ತದೆ, ಹಳೇ ಪ್ರತಿಗಳೂ ಸಿಗುತ್ತವೆ.

ಕಡಲದಂಡೆ · ಬೆಳಿಗ್ಗೆ 8:11

-ಆರ್ ಜೊತೆ -ಐ ಕೊಟ್ಟರೆ ಕೇಳುತ್ತದೆ. ಯಾವಾಗಲೂ -ಐ ಸೇರುವ ಹಾಗೆ ನಾನು ಅಲಿಯಾಸ್ ಮಾಡಿಟ್ಟಿದ್ದೇನೆ.

ನೀಲಿಛತ್ರಿ · ಬೆಳಿಗ್ಗೆ 9:30

ಇಷ್ಟೆಲ್ಲ ಓದಿದ ಮೇಲೂ ಕ್ರಾನ್ ಯಾಕೆ ಬೇಕು ಹೇಳಿ? ಉಬುಂಟುನಲ್ಲಿ ಸರ್ವಿಸ್‌ಗಳನ್ನೆಲ್ಲ ನೋಡಿಕೊಳ್ಳುವ ಸಿಸ್ಟಮ್‌ಡಿ ಇದೆ, ಅದರಲ್ಲಿ ಟೈಮರ್ ಬರೆಯಿರಿ. ಎರಡು ಫೈಲ್ ಸಾಕು. ಬ್ಯಾಕಪ್.ಸರ್ವಿಸ್‌ನಲ್ಲಿ ಏನು ಓಡಬೇಕು, ಬ್ಯಾಕಪ್.ಟೈಮರ್‌ನಲ್ಲಿ ಯಾವಾಗ:

`[ಟೈಮರ್]`
`ಆನ್‌ಕ್ಯಾಲೆಂಡರ್=*-*-* 02:00:00`
`ಪರ್ಸಿಸ್ಟೆಂಟ್=ಟ್ರೂ`

ಆ ಕೊನೆಯ ಸಾಲೇ ಮುಖ್ಯ. 2 ಗಂಟೆಗೆ ಮಷೀನ್ ಆಫ್ ಇದ್ದರೆ ಬೆಳಿಗ್ಗೆ ಆನ್ ಮಾಡಿದ ಕೂಡಲೇ ಓಡುತ್ತದೆ. ಔಟ್‌ಪುಟ್ ಎಲ್ಲ ಜರ್ನಲ್ ಎಂಬ ಅದರ ಲಾಗ್‌ಗೆ ಹೋಗುತ್ತದೆ, ಎಸೆಯುವ ಮಾತೇ ಇಲ್ಲ. `ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್` ಎಂದರೆ ಕೊನೆಗೆ ಯಾವಾಗ ಓಡಿತು, ಮುಂದೆ ಯಾವಾಗ ಓಡುತ್ತದೆ ಎಂದು ಒಂದೇ ಪರದೆಯಲ್ಲಿ ಕಾಣುತ್ತದೆ. ಕ್ರಾನ್‌ಗೆ ಈ ಪ್ರಶ್ನೆ ಕೇಳಿ ನೋಡಿ, ಉತ್ತರ ಇಲ್ಲ. ನಿಮ್ಮ ಫೋಲ್ಡರಿಗೆ ಎರಡು ತಿಂಗಳು ಹೊಸದೇನೂ ಬಾರದೆ ಇದ್ದದ್ದು ಗೊತ್ತಾಗದೆ ಹೋದದ್ದು ಇದಕ್ಕೇ.

ಹಳೇಬೇರು · ಬೆಳಿಗ್ಗೆ 10:15

ಟೈಮರ್ ಒಳ್ಳೆಯದು, ಒಪ್ಪುತ್ತೇನೆ. ಆದರೆ ಕ್ರಾನ್ ಬಿಸಾಡಿ ಅನ್ನುವುದನ್ನು ಒಪ್ಪುವುದಿಲ್ಲ.

1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಕ್ರಾನ್ ಇತ್ತು. ಆಗ ಇಡೀ ಮಷೀನಿಗೆ ಒಂದೇ ಪಟ್ಟಿ. ಈಗ ಲಿನಕ್ಸ್‌ನಲ್ಲಿ ನಾವು ಬಳಸುವುದು ಪಾಲ್ ವಿಕ್ಸಿ 1987ರಲ್ಲಿ ಬರೆದದ್ದರ ಮಕ್ಕಳು ಮೊಮ್ಮಕ್ಕಳು. ರೆಡ್‌ಹ್ಯಾಟ್ ಕಡೆಯ ಕ್ರೋನಿ ಕೂಡ ಅದರಿಂದಲೇ ಹುಟ್ಟಿದ್ದು. ಐದು ಅಂಕಣ ಕಲಿತರೆ ಲಿನಕ್ಸ್, ಫ್ರೀಬಿಎಸ್‌ಡಿ, ಹಳೇ ಸೋಲಾರಿಸ್, ಎಲ್ಲ ಕಡೆ ನಡೆಯುತ್ತದೆ: ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ. ನನ್ನ ಹತ್ತಿರ ಫ್ರೀಬಿಎಸ್‌ಡಿ ಮಷೀನುಗಳಿವೆ. ಅಲ್ಲಿ ಸಿಸ್ಟಮ್‌ಡಿ ಇಲ್ಲವೇ ಇಲ್ಲ.

ನೀಲಿಛತ್ರಿ ಅವರೇ, ಒಂದು ತಿದ್ದುಪಡಿ. ಸಿಸ್ಟಮ್‌ಡಿ ಫೈಲಿನಲ್ಲೂ % ಹಾಗೇ ಹಾಕುವಂತಿಲ್ಲ. ಅಲ್ಲಿ ಅದಕ್ಕೆ ಇನ್ನೊಂದು ಅರ್ಥ ಇದೆ, %% ಎಂದು ಎರಡು ಸಲ ಬರೆಯಬೇಕು. ಜೊತೆಗೆ ಏನು ಓಡಬೇಕು ಎಂದು ಹೇಳುವ ಎಕ್ಸೆಕ್‌ಸ್ಟಾರ್ಟ್ ಸಾಲು ಶೆಲ್ ಮೂಲಕ ಹೋಗುವುದಿಲ್ಲ. ಅಲ್ಲಿ > ಹಾಕಿದರೆ ಅದನ್ನೂ ಒಂದು ಪದ ಅಂತಲೇ ಸ್ಕ್ರಿಪ್ಟಿಗೆ ಕೊಟ್ಟುಬಿಡುತ್ತದೆ. ಇವರು ಈ ಸಾಲನ್ನೇ ಅಲ್ಲಿಗೆ ಅಂಟಿಸಿದ್ದರೆ ಅಲ್ಲೂ ಓಡುತ್ತಿರಲಿಲ್ಲ.

ನೀಲಿಛತ್ರಿ · ಬೆಳಿಗ್ಗೆ 10:22

ಆ ಎರಡೂ ನಿಜ. ಆದರೆ ಅಲ್ಲಿ ಸರ್ವಿಸ್ ಕೆಂಪಾಗಿ "ಫೇಲ್ಡ್" ಎಂದು ನಿಂತಿರುತ್ತಿತ್ತು. ನನಗೆ ಅದೇ ದೊಡ್ಡ ವ್ಯತ್ಯಾಸ.

ಹಳೇಬೇರು · ಬೆಳಿಗ್ಗೆ 10:31

ನೋಡುವವರು ಇದ್ದರೆ ತಾನೇ? ಅಂಗಡಿಯಲ್ಲಿ ಅವರಪ್ಪ ಸಿಸ್ಟಮ್‌ಸಿಟಿಎಲ್ ಹೊಡೆದು ನೋಡುತ್ತಾರಾ?

ಇನ್ನೊಂದು ಹಳೇ ಗುಂಡಿ, ಇಲ್ಲಿ ಬರೆದಿಟ್ಟರೆ ಯಾರಿಗಾದರೂ ಉಪಯೋಗವಾದೀತು. ಕ್ರಾನ್‌ನಲ್ಲಿ ತಾರೀಕು ಮತ್ತು ವಾರ ಎರಡನ್ನೂ ತುಂಬಿದರೆ "ಎರಡೂ ಹೊಂದಬೇಕು" ಎಂದಲ್ಲ, "ಯಾವುದಾದರೂ ಒಂದು ಹೊಂದಿದರೆ ಸಾಕು". `0 9 13 * 5` ಎಂದು ಬರೆದರೆ 13ನೇ ತಾರೀಕು ಬರುವ ಶುಕ್ರವಾರ ಎಂದಲ್ಲ. ಎಲ್ಲ 13ನೇ ತಾರೀಕು, ಜೊತೆಗೆ ಎಲ್ಲ ಶುಕ್ರವಾರ. ತಿಂಗಳ ಮೊದಲ ಸೋಮವಾರ ಬೇಕೆಂದು `1-7` ಮತ್ತು `1` ಹಾಕಿದ ಎಷ್ಟೋ ಜನರನ್ನು ನೋಡಿದ್ದೇನೆ. ಅಲ್ಲಿ ವಾರವನ್ನು ಸ್ಕ್ರಿಪ್ಟ್ ಒಳಗೆ ಪರೀಕ್ಷಿಸಬೇಕು.

ಬಯಲುಸೀಮೆ · ಬೆಳಿಗ್ಗೆ 11:02

`*/7` ಕೂಡ ಸೇರಿಸಿ. 7 ನಿಮಿಷಕ್ಕೊಮ್ಮೆ ಎಂದುಕೊಳ್ಳುತ್ತೇವೆ. 56ನೇ ನಿಮಿಷಕ್ಕೆ ಓಡಿ, 4 ನಿಮಿಷಕ್ಕೇ ಮತ್ತೆ 0ಗೆ ಓಡುತ್ತದೆ. ಗಂಟೆ ದಾಟಿ ಎಣಿಸುವುದಿಲ್ಲ.

ಮೋಡದಾಚೆ · ಬೆಳಿಗ್ಗೆ 11:40

ಟೈಮ್ ಝೋನ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ತುಂಗಾತೀರ ಅವರ ಮಷೀನ್ ಅಂಗಡಿಯಲ್ಲೇ ಇದೆ, ತೊಂದರೆಯಿಲ್ಲ. ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಎಂಬ ವಿಶ್ವ ಸಮಯದಲ್ಲಿರುತ್ತವೆ, ನಾವು 5 ಗಂಟೆ 30 ನಿಮಿಷ ಮುಂದೆ. ಸೋಮವಾರ ಬೆಳಗಿನ ಜಾವ 2 ಗಂಟೆ ಅಂದರೆ ಅಲ್ಲಿ ಭಾನುವಾರ ರಾತ್ರಿ 8:30. ಗಂಟೆ ಮಾತ್ರ ಬದಲಿಸಿ ವಾರ ಬದಲಿಸದಿದ್ದರೆ ಕೆಲಸ ಒಂದು ದಿನ ತಡವಾಗಿ ಓಡುತ್ತದೆ. `30 20 * * 0` ಆಗಬೇಕು.

ತಿಂಗಳ 1ನೇ ತಾರೀಕು ಬೆಳಗಿನ ಜಾವ 2ಕ್ಕೆ ಸಂಬಳದ ಲೆಕ್ಕ ಓಡಬೇಕು ಎಂದಿಟ್ಟುಕೊಳ್ಳಿ. ಯುಟಿಸಿಯಲ್ಲಿ ಅದು ಹಿಂದಿನ ತಿಂಗಳ ಕೊನೆಯ ದಿನ. ಆ ದಿನ 28, 29, 30, 31 ಯಾವುದೂ ಆಗಬಹುದು. ಕ್ರಾನ್‌ನಲ್ಲಿ "ಕೊನೆಯ ದಿನ" ಎನ್ನಲಿಕ್ಕೆ ದಾರಿಯಿಲ್ಲ. 28-31 ಹಾಕಿ, ನಮ್ಮ ಸಮಯದಲ್ಲಿ ತಾರೀಕು 1 ಆಗಿದೆಯಾ ಎಂದು ಸ್ಕ್ರಿಪ್ಟ್ ಶುರುವಿನಲ್ಲೇ ನೋಡಬೇಕು. ಕ್ರೋನಿಯಲ್ಲಿ ಕ್ರಾನ್_ಟಿಝಡ್ ಎಂದು ಮೇಲೆ ಬರೆಯಬಹುದು. ಸಿಸ್ಟಮ್‌ಡಿಯಲ್ಲಿ ಸಮಯದ ಕೊನೆಗೆ ಏಷ್ಯಾ/ಕೋಲ್ಕತಾ ಎಂದು ಸೇರಿಸಿದರೆ ಮುಗಿಯಿತು. ಈ ಒಂದು ವಿಷಯಕ್ಕೇ ನಾನು ಟೈಮರ್‌ಗೆ ಬದಲಾದೆ.

ಹಿಮದೂರು · ಮಧ್ಯಾಹ್ನ 12:10

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ನಿಮಗೆ ಒಂದು ಸುಖ ಇದೆ, ಭಾರತದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವುದಿಲ್ಲ. ಇಲ್ಲಿ ಮಾರ್ಚ್‌ನ ಎರಡನೇ ಭಾನುವಾರ 2 ಗಂಟೆಯಾದ ಕೂಡಲೇ 3 ಆಗುತ್ತದೆ. ಆ ದಿನ 2:30 ಎನ್ನುವ ಹೊತ್ತೇ ಇಲ್ಲ. ನವೆಂಬರ್‌ನ ಮೊದಲ ಭಾನುವಾರ 1:30 ಎರಡು ಸಲ ಬರುತ್ತದೆ. ಡೆಬಿಯನ್‌ನ ಕ್ರಾನ್ ಇದನ್ನು ಜಾಣತನದಿಂದ ನೋಡಿಕೊಳ್ಳುತ್ತದೆ. 3 ಗಂಟೆಗಿಂತ ಕಡಿಮೆ ಜಿಗಿತವಾದರೆ ಬಿಟ್ಟುಹೋದದ್ದನ್ನು ಕೂಡಲೇ ಓಡಿಸುತ್ತದೆ, ಎರಡು ಸಲ ಬಂದದ್ದನ್ನು ಮತ್ತೆ ಓಡಿಸುವುದಿಲ್ಲ. ಗಂಟೆ ಅಥವಾ ನಿಮಿಷದಲ್ಲಿ * ಇದ್ದರೆ ಈ ಸೌಲಭ್ಯ ಇಲ್ಲ. ನಾವು ರಾತ್ರಿ 1ರಿಂದ 3ರ ನಡುವೆ ಏನನ್ನೂ ಇಡುವುದೇ ಇಲ್ಲ.

ಬಯಲುಸೀಮೆ · ಮಧ್ಯಾಹ್ನ 12:25

ನಾನು ಮೊದಲಿಂದ ಕೇಳಬೇಕೆಂದಿದ್ದೆ. ಗೊಬ್ಬರದ ಅಂಗಡಿಗೆ ರಾತ್ರಿ 2 ಗಂಟೆ ಯಾಕೆ? ಬ್ಯಾಕಪ್ ಅಂದರೆ ರಾತ್ರಿ 2 ಎನ್ನುವುದು ದೊಡ್ಡ ಸರ್ವರ್‌ಗಳಿಂದ ಬಂದ ರೂಢಿ. ಅಲ್ಲಿ ಆ ಹೊತ್ತಿಗೆ ಜನ ಕಡಿಮೆ. ನಿಮ್ಮ ಅಂಗಡಿಯಲ್ಲಿ ಜನ ಕಡಿಮೆ ಇರುವುದು ಊಟದ ಹೊತ್ತಿಗೆ. ಒಂದು ಫೈಲ್ ಕಾಪಿಗೆ ಎಷ್ಟು ಸೆಕೆಂಡ್ ಬೇಕು? ಮಧ್ಯಾಹ್ನ 1:45ಕ್ಕೆ ಒಂದು, ಸಂಜೆ ಬಾಗಿಲು ಹಾಕುವ ಮುಂಚೆ 8:15ಕ್ಕೆ ಒಂದು ಇಡಿ. ಮಷೀನ್ ಆನ್ ಇರುತ್ತದೆ, ಅಪ್ಪನೂ ಎದುರಿಗೇ ಇರುತ್ತಾರೆ.

ಕಪ್ಪುಪರದೆ · ಮಧ್ಯಾಹ್ನ 12:30

ಹೌದಲ್ವಾ. ಇದು ನಮಗ್ಯಾರಿಗೂ ಹೊಳೆಯಲಿಲ್ಲ.

ಸಂಪಿಗೆಮರ · ಮಧ್ಯಾಹ್ನ 12:48

ಹಗಲು ಇಡುವುದಾದರೆ ಸಿಪಿ ಆಜ್ಞೆಯಿಂದ ಕಾಪಿ ಮಾಡಬೇಡಿ. ಬಿಲ್ ಬರೆಯುತ್ತಿರುವಾಗಲೇ ಕಾಪಿ ಆದರೆ ಅರ್ಧ ಹಳೆಯದು ಅರ್ಧ ಹೊಸದು ಬರಬಹುದು. ಆ ಬ್ಯಾಕಪ್ ತೆರೆಯದಿರಬಹುದು. ಎಸ್‌ಕ್ಯೂಲೈಟ್3ರಲ್ಲೇ `.ಬ್ಯಾಕಪ್` ಎಂದಿದೆ, ಬಿಲ್ಲಿಂಗ್ ನಡೆಯುತ್ತಿದ್ದರೂ ಅದು ಸರಿಯಾದ ಪ್ರತಿ ತೆಗೆಯುತ್ತದೆ. ತೆಗೆದ ಪ್ರತಿಯ ಮೇಲೆ `ಪ್ರಾಗ್ಮಾ ಇಂಟೆಗ್ರಿಟಿ_ಚೆಕ್` ಓಡಿಸಿ. "ಓಕೆ" ಬಂದರೆ ಮಾತ್ರ ಬ್ಯಾಕಪ್ ಆಯಿತು ಎಂದು ಲಾಗ್‌ನಲ್ಲಿ ಬರೆಯಲಿ.

ಓಲೆಗರಿ · ಮಧ್ಯಾಹ್ನ 3:15

ಕನ್ನಡದವರಿಗೆ ಮಾತ್ರ ಹೆಚ್ಚು ಕಾಡುವ ಒಂದು ತೊಂದರೆ ಹೇಳುತ್ತೇನೆ. ನಾನು ಹಳೇ ಕನ್ನಡ ಪುಸ್ತಕಗಳ ಪಠ್ಯ ಜೋಡಿಸುತ್ತೇನೆ. ರಾತ್ರಿ ಪೂರ್ತಿ ಪದಪಟ್ಟಿ ಮಾಡುವ ಒಂದು ಪೈಥಾನ್ ಸ್ಕ್ರಿಪ್ಟ್ ಇತ್ತು. ಕೈಯಲ್ಲಿ ಓಡಿಸಿದರೆ ಸರಿ. ಕ್ರಾನ್‌ನಲ್ಲಿ ಮೊದಲ ಕನ್ನಡ ಅಕ್ಷರಕ್ಕೇ ಬಿದ್ದುಹೋಗುತ್ತಿತ್ತು, ಯೂನಿಕೋಡ್ ಡಿಕೋಡ್ ಎರರ್. ಐದು ದಿನ ಫೈಲುಗಳಲ್ಲೇ ತಪ್ಪು ಹುಡುಕಿದೆ. ಎಲ್ಲೋ ಒಂದು ಅರ್ಕಾವೊತ್ತು ಕೆಟ್ಟಿರಬೇಕು ಎಂದು ಸಾವಿರಾರು ಸಾಲು ತೆರೆದು ನೋಡಿದೆ.

ಫೈಲುಗಳಲ್ಲಿ ತಪ್ಪೇ ಇರಲಿಲ್ಲ. ನನ್ನ ಟರ್ಮಿನಲ್ಲಿನಲ್ಲಿ ಲ್ಯಾಂಗ್ ಎನ್ನುವ ವೇರಿಯಬಲ್ ಯುಟಿಎಫ್-8 (ಕನ್ನಡವೂ ಸೇರುವ ಅಕ್ಷರ ಸಂಕೇತ) ಎಂದು ಹೇಳುತ್ತಿತ್ತು, ಆ ಸರ್ವರಿನ ಕ್ರಾನ್‌ನಲ್ಲಿ ಅದು ಇರಲೇ ಇಲ್ಲ. ಅಲ್ಲಿದ್ದದ್ದು ಪೈಥಾನ್ 3.6. ಎಲ್ಲವನ್ನೂ ಆಸ್ಕಿ (ಇಂಗ್ಲಿಷ್ ಅಕ್ಷರ ಮಾತ್ರ ಇರುವ ಹಳೇ ಸಂಕೇತ) ಎಂದು ಓದಲು ಹೋಗಿತ್ತು. 3.7ರಿಂದ ಈಚೆಗೆ ಪೈಥಾನ್ ತಾನೇ ಯುಟಿಎಫ್-8ಕ್ಕೆ ಬದಲಾಗುತ್ತದೆ, ಆದರೂ ನೆಚ್ಚಿಕೊಳ್ಳಬೇಡಿ. ಓಪನ್ ಮಾಡುವಾಗ ಎನ್‌ಕೋಡಿಂಗ್ ಬರೆಯಿರಿ.

ಆಮೇಲೆ ನಾನು ಕ್ರಾನ್‌ಟ್ಯಾಬ್ ಮೇಲೆ ಲ್ಯಾಂಗ್=ಕೆಎನ್_ಐಎನ್.ಯುಟಿಎಫ್-8 ಎಂದು ಹಾಕಿದೆ. ಎರರ್ ಹೋಯಿತು. ಆದರೆ ಡೇಟ್ ಆಜ್ಞೆ ತಿಂಗಳ ಹೆಸರನ್ನು ಕನ್ನಡದಲ್ಲಿ ಕೊಡಲು ಶುರು ಮಾಡಿತು! ಫೈಲ್ ಹೆಸರುಗಳೆಲ್ಲ ಬದಲಾಗಿ, ಹಳೇ ಫೈಲ್ ಅಳಿಸುವ ಸ್ಕ್ರಿಪ್ಟಿಗೆ ಅವು ಸಿಗದೆ ಹೋದವು. ಎಲ್‌ಸಿ_ಸಿಟೈಪ್ ಒಂದನ್ನೇ ಬದಲಿಸಿದರೆ ಅಕ್ಷರ ಸರಿಯಾಗುತ್ತದೆ, ತಾರೀಕು ಮುಟ್ಟುವುದಿಲ್ಲ.

ಕ್ರಾನ್‌ಗೆ ಏನೇನು ಕಾಣುತ್ತದೆ ಎಂದು ನೋಡಲು ಸುಲಭದ ದಾರಿ: `* * * * * ಎನ್ವ್ > /ಟಿಎಂಪಿ/ಎನ್ವ್` ಎಂದು ಒಂದು ನಿಮಿಷ ಹಾಕಿ ತೆಗೆಯಿರಿ. ಬರುವುದು ನಾಲ್ಕೈದು ಸಾಲು ಅಷ್ಟೇ. ನಿಮ್ಮ ಟರ್ಮಿನಲ್ಲಿನದನ್ನು ಪಕ್ಕದಲ್ಲಿಟ್ಟು ನೋಡಿದರೆ ಎಲ್ಲ ಗೊತ್ತಾಗುತ್ತದೆ.

ಜೋಳದರೊಟ್ಟಿ · ಮಧ್ಯಾಹ್ನ 3:22

ಬಹಳ ಉಪಕಾರವಾಯಿತು. ನನ್ನದೊಂದು ಸ್ಕ್ರಿಪ್ಟ್ ಇದೇ ರೀತಿ ಬೀಳುತ್ತಿದೆ, ಇವತ್ತೇ ನೋಡುತ್ತೇನೆ.

ಮಲ್ಲಿಗೆದಂಡೆ · ಸಂಜೆ 4:40

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಮ್ಯಾಕ್. ಲಿಡ್ ಮುಚ್ಚಿಟ್ಟಾಗ ಕ್ರಾನ್ ಓಡುವುದಿಲ್ಲ. ಏನು ಮಾಡಲಿ?

ಹಳೇಬೇರು · ಸಂಜೆ 4:55

ಮ್ಯಾಕ್‌ನಲ್ಲಿ ಲಾಂಚ್‌ಡಿ ಬಳಸಿ. 2005ರ ಟೈಗರ್ ಆವೃತ್ತಿಯಿಂದ ಅದೇ ಇದೆ. ಅದರಲ್ಲಿ ಗಂಟೆ ಹೇಳಿ ಇಟ್ಟ ಕೆಲಸ ನಿದ್ದೆಯಲ್ಲಿ ತಪ್ಪಿದರೆ ಎದ್ದ ಮೇಲೆ ಓಡುತ್ತದೆ. ಪೂರ್ತಿ ಆಫ್ ಆಗಿದ್ದರೆ ಓಡುವುದಿಲ್ಲ.

ರಾತ್ರಿಪಾಳಿ · ಸಂಜೆ 6:10

ಸುದ್ದಿ ತಲುಪದೆ ಹೋದ ಮಾತು ಬಂದಿದ್ದಕ್ಕೆ ಇದನ್ನು ಹೇಳಲೇಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ (ಕೋಡ್ ಇಟ್ಟುಕೊಳ್ಳುವ ಸೇವೆ) ಒಬ್ಬ ಇಂಜಿನಿಯರ್ ತಪ್ಪಿ ಮುಖ್ಯ ಡೇಟಾಬೇಸ್ ಸರ್ವರಿನ ಫೋಲ್ಡರ್ ಅಳಿಸಿದರು. ಬ್ಯಾಕಪ್ ಹುಡುಕಿದರೆ ಖಾಲಿ. ದಿನಾ ಓಡಬೇಕಿದ್ದ ಬ್ಯಾಕಪ್ ಪ್ರೋಗ್ರಾಂ ಪಿಜಿ_ಡಂಪ್ ಪೋಸ್ಟ್‌ಗ್ರೆಸ್ 9.2ರದ್ದು, ಡೇಟಾಬೇಸ್ 9.6. ಅದಕ್ಕೆ ದಿನಾ ಫೇಲ್ ಆಗುತ್ತಿತ್ತು. ಕ್ರಾನ್ ಮೇಲ್ ಕಳಿಸುತ್ತಿತ್ತು ಕೂಡ. ಆದರೆ ಆ ಮೇಲ್‌ಗಳಿಗೆ ಡಿಮಾರ್ಕ್ (ಮೇಲ್ ನಿಜವಾಗಿ ಅಲ್ಲಿಂದಲೇ ಬಂತಾ ಎಂದು ನೋಡುವ ವ್ಯವಸ್ಥೆ) ಹೊಂದಿಸಿರಲಿಲ್ಲ ಎಂದು ಮೇಲ್ ಸರ್ವರ್ ಒಳಗೆ ಬಿಡುತ್ತಿರಲಿಲ್ಲ. ಕೊನೆಗೆ ಕೈ ಹಿಡಿದದ್ದು ಸುಮಾರು 6 ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ಒಬ್ಬರು ಕೈಯಲ್ಲಿ ತೆಗೆದಿದ್ದ ಸ್ನ್ಯಾಪ್‌ಶಾಟ್. ಇದನ್ನೆಲ್ಲ ಅವರೇ ಬಿಚ್ಚಿ ಬರೆದರು. ನಾನು ಅದಕ್ಕೆ ಅವರನ್ನು ಗೌರವಿಸುತ್ತೇನೆ.

ತುಂಗಾತೀರ ಅವರೇ, ನಿಮಗಾದದ್ದು ಅದೇ. ಬೇಜಾರು ಮಾಡಿಕೊಳ್ಳಬೇಡಿ. "ಫೇಲ್ ಆದರೆ ತಿಳಿಸು" ಎನ್ನುವುದರ ಬದಲು "ಆದರೆ ತಿಳಿಸು, ಬರದಿದ್ದರೆ ನಾನು ಹುಡುಕುತ್ತೇನೆ" ಎಂದು ಮಾಡಿ. ಬ್ಯಾಕಪ್ ಓಕೆ ಆದಾಗ ಅಪ್ಪನ ಪರದೆಯ ಮೇಲೆ ತಾರೀಕು, ಬಿಲ್ ಸಂಖ್ಯೆ ತೋರಿಸುವ ಒಂದು ಕಿಟಕಿ ಬರಲಿ. ಅದು ಕಾಣದ ದಿನ ಅವರೇ ಫೋನ್ ಮಾಡುತ್ತಾರೆ.

ನೀಲಿಛತ್ರಿ · ಸಂಜೆ 6:30

ಇದು ಸರಿ. ಹಳೇಬೇರು ಅವರು ಕೇಳಿದ ಪ್ರಶ್ನೆಗೂ ಇದೇ ಉತ್ತರ. ಶನಿವಾರದ ರಿಪೋರ್ಟಿಗೆ ಒಂದು ದಾರಿ: `ಸಿಸ್ಟಮ್‌ಡಿ-ರನ್ --ಆನ್-ಕ್ಯಾಲೆಂಡರ್` ಎಂದು ಸಮಯ ಕೊಟ್ಟರೆ ಒಂದು ಸಲ ಓಡುತ್ತದೆ, ಫೈಲ್ ಬರೆಯಬೇಕಿಲ್ಲ.

ಹಳೇಬೇರು · ಸಂಜೆ 6:42

ಬೇಡ ಬೇಡ. ಹಾಗೆ ಹಾಕಿದ್ದು ಮಷೀನ್ ಆಫ್ ಮಾಡಿದರೆ ಅಳಿಸಿಹೋಗುತ್ತದೆ. ಇವರ ಮಷೀನ್ ದಿನಾ ರಾತ್ರಿ ಆಫ್ ಆಗುತ್ತದಲ್ಲ! ಇವರಿಗೆ ಬೇಕಾದ್ದು ಆಟ್, ಒಂದೇ ಸಲ ಓಡುವ ಕೆಲಸಕ್ಕೆಂದೇ ಇರುವ ಆಜ್ಞೆ. ಅದು ಕೆಲಸವನ್ನು ಡಿಸ್ಕಿನಲ್ಲೇ ಬರೆದಿಡುತ್ತದೆ.

ಆಟ್ ಇಲ್ಲದಿದ್ದರೆ ಹಾಕಿಕೊಳ್ಳಿ. `ಆಟ್ 18:00 ಸ್ಯಾಟರ್‌ಡೇ` ಎಂದು ಹೊಡೆದು, ಆಜ್ಞೆ ಬರೆದು, ಕಂಟ್ರೋಲ್-ಡಿ ಒತ್ತಿ. ಒಂದು ನಂಬರ್ ಕೊಡುತ್ತದೆ. `ಆಟ್‌ಕ್ಯೂ` ಎಂದರೆ ಬಾಕಿ ಇರುವುದರ ಪಟ್ಟಿ, `ಆಟ್‌ಆರ್‌ಎಂ` ಮತ್ತು ನಂಬರ್ ಎಂದರೆ ರದ್ದು. ಕ್ರಾನ್‌ಗಿಂತ ಒಂದು ಸುಖ ಇದೆ. ನೀವು ಕೆಲಸ ಇಟ್ಟಾಗ ಯಾವ ಫೋಲ್ಡರಿನಲ್ಲಿದ್ದಿರಿ, ಪಾತ್ ಏನಿತ್ತು ಎಂದೆಲ್ಲ ನೆನಪಿಟ್ಟುಕೊಳ್ಳುತ್ತದೆ. 6 ಗಂಟೆಗೆ ಕರೆಂಟ್ ಇಲ್ಲದಿದ್ದರೆ ಮಷೀನ್ ಮತ್ತೆ ಎದ್ದಾಗ ಓಡಿಸುತ್ತದೆ. `ಆಟ್ ಟೀಟೈಮ್` ಎಂದೂ ಬರೆಯಬಹುದು, ಅದಕ್ಕೆ ಸಂಜೆ 4 ಗಂಟೆ ಎಂದರ್ಥ.

ಕಡಲದಂಡೆ · ಸಂಜೆ 6:50

ನಮ್ಮ ಮನೆಯಲ್ಲೂ ಚಹಾಕ್ಕೆ ಅದೇ ಟೈಮು.

ನೀಲಿಛತ್ರಿ · ಸಂಜೆ 6:55

ರೀಬೂಟ್ ವಿಷಯ ನನಗೆ ತಪ್ಪಿತ್ತು. ಆಟ್ ಸರಿ.

ಬಯಲುಸೀಮೆ · ಬುಧವಾರ, ಬೆಳಿಗ್ಗೆ 8:30

ಹಳೇ ಡೆಸ್ಕ್‌ಟಾಪ್ ಆದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ನೋಡಿಸಿ. ಸೆಲ್ ಸತ್ತರೆ ಪ್ರತಿ ಸಲ ಆನ್ ಮಾಡಿದಾಗ ಗಡಿಯಾರ ಯಾವುದೋ ಹಳೇ ವರ್ಷಕ್ಕೆ ಹೋಗುತ್ತದೆ. ಇಂಟರ್‌ನೆಟ್ ಸಿಕ್ಕ ಮೇಲೆ ಸರಿಯಾಗುತ್ತದೆ. ಮಳೆಗಾಲದಲ್ಲಿ ನೆಟ್ ಇಲ್ಲದಿದ್ದರೆ ಬಿಲ್ಲಿನ ತಾರೀಕೂ ತಪ್ಪು, ಬ್ಯಾಕಪ್ಪಿನ ಹೆಸರೂ ತಪ್ಪು. ಹಳೇ ರಾಸ್‌ಬೆರಿ ಪೈಗಳಲ್ಲಿ ಗಡಿಯಾರವೇ ಇಲ್ಲ, ಅಲ್ಲೂ ಇದೇ ಕಥೆ.

ಮೋಡದಾಚೆ · ಬೆಳಿಗ್ಗೆ 9:05

ಒಂದು ಕೆಲಸ ಮುಗಿಯುವ ಮೊದಲೇ ಅದೇ ಕೆಲಸ ಮತ್ತೆ ಶುರುವಾಗಬಾರದು ಎಂದರೆ ಮುಂದೆ `ಎಫ್‌ಲಾಕ್ -ಎನ್` ಹಾಕಿ. ಅಂಗಡಿಗೆ ಬೇಕಾಗದು. ನಮ್ಮಲ್ಲಿ 10 ನಿಮಿಷಕ್ಕೊಮ್ಮೆ ಓಡುವ ಸಿಂಕ್ ಒಂದು ದಿನ ನಿಧಾನವಾಯಿತು. ಮಧ್ಯಾಹ್ನದ ಹೊತ್ತಿಗೆ 31 ಪ್ರತಿ ಒಟ್ಟಿಗೆ ಓಡುತ್ತಿದ್ದವು, ಸರ್ವರಿಗೆ ಲಾಗಿನ್ ಆಗಲೂ ಆಗಲಿಲ್ಲ. ಕ್ರಾನ್ ಹಿಂದಿನದು ಮುಗಿಯಿತಾ ಎಂದು ನೋಡುವುದಿಲ್ಲ. ಟೈಮರ್ ನೋಡುತ್ತದೆ.

ತುಂಗಾತೀರ · ಭಾನುವಾರ, ಬೆಳಿಗ್ಗೆ 11:20

ಅಂಗಡಿಯಿಂದಲೇ ಬರೆಯುತ್ತಿದ್ದೇನೆ.

`.ರಿಕವರ್` ಕೆಲಸ ಮಾಡಿತು. ಬಿಲ್ಲುಗಳು ಹೆಚ್ಚುಕಡಿಮೆ ಎಲ್ಲ ಬಂದವು. ಗುರುವಾರದ 11 ಬಿಲ್ ಮಾತ್ರ ಸಿಗಲಿಲ್ಲ, ಅವನ್ನು ಕೈಯಲ್ಲಿ ಹಾಕಿದೆವು. ಸಂಪಿಗೆಮರ ಅವರಿಗೆ ಅಮ್ಮ ಪ್ರತ್ಯೇಕವಾಗಿ ಥ್ಯಾಂಕ್ಸ್ ಹೇಳಿದ್ದಾರೆ.

ಶನಿವಾರದ ರಿಪೋರ್ಟ್ ಆಟ್‌ನಲ್ಲಿ ಇಟ್ಟಿದ್ದೆ. ಸಂಜೆ 5:50ಕ್ಕೆ ಕರೆಂಟ್ ಹೋಯಿತಂತೆ! 6:35ಕ್ಕೆ ಬಂತು. ಅಪ್ಪ ಮಷೀನ್ ಆನ್ ಮಾಡಿದರು, ರಿಪೋರ್ಟ್ ತಾನೇ ಓಡಿತು. ನಾನು ಬಸ್ಸಿನಲ್ಲಿದ್ದೆ, ಏನೂ ಮಾಡಬೇಕಾಗಲಿಲ್ಲ.

ಬ್ಯಾಕಪ್‌ಗೆ ಟೈಮರ್ ಬರೆದೆ. 13:45 ಮತ್ತು 20:15, ಪರ್ಸಿಸ್ಟೆಂಟ್ ಸಮೇತ. `ಸಿಸ್ಟಮ್‌ಡಿ-ಅನಲೈಜ್ ಕ್ಯಾಲೆಂಡರ್` ಎಂದು ಕೊಟ್ಟರೆ ಮುಂದೆ ಯಾವಾಗ ಓಡುತ್ತದೆ ಎಂದು ಮೊದಲೇ ಹೇಳುತ್ತದೆ, ಅದನ್ನೂ ನೋಡಿಕೊಂಡೆ. ಹಳೇಬೇರು ಅವರು ಬೇಸರ ಮಾಡಿಕೊಳ್ಳಬಾರದು, ನನ್ನ ಬೆಂಗಳೂರಿನ ಸರ್ವರಿನಲ್ಲಿ ಕ್ರಾನ್ ಹಾಗೇ ಇದೆ, % ಎಲ್ಲ ತಿದ್ದಿದ್ದೇನೆ.

ನಿನ್ನೆ ರಾತ್ರಿ ಮಷೀನ್ ಎದ್ದ ಮೇಲೆ ಹೊಸ ಬ್ಯಾಕಪ್ ಬಂದಿತ್ತು. ಅದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ತೆರೆದೆ. ಅಪ್ಪ ಕೆಂಪು ಪುಸ್ತಕ ತಂದು ಪಕ್ಕದಲ್ಲಿ ಕೂತರು. ಮಧ್ಯದಿಂದ ಒಂದು ಪುಟ ತೆಗೆದು "ಈ ಯೂರಿಯಾ ಎರಡು ಚೀಲ ತೋರಿಸು" ಎಂದರು. ತೋರಿಸಿದೆ. ಹಾಗೇ ಇಪ್ಪತ್ತು ಸಾಲು ಕೇಳಿದರು, ಇಪ್ಪತ್ತೂ ಸರಿಯಿದ್ದವು. ಪುಸ್ತಕ ಬರೆಯುವುದನ್ನು ನಿಲ್ಲಿಸುತ್ತೀರಾ ಎಂದು ನಾನು ಕೇಳಲಿಲ್ಲ.

ಸಂಪಿಗೆಮರ · ಬೆಳಿಗ್ಗೆ 11:34

ಓದಿ ಬಹಳ ಖುಷಿಯಾಯಿತು. ಒಂದೇ ಮಾತು ಬಾಕಿ. ಎರಡೂ ಡಿಸ್ಕ್ ಒಂದೇ ಡಬ್ಬದಲ್ಲಿವೆ. ನಿಮ್ಮ ಕಡೆ ಸಿಡಿಲು ಜಾಸ್ತಿ. ವಾರಕ್ಕೊಮ್ಮೆ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಮನೆಗೆ ಹೋಗಲಿ.

ತುಂಗಾತೀರ · ಬೆಳಿಗ್ಗೆ 11:41

ಎರಡು ಪೆನ್‌ಡ್ರೈವ್ ತಂದಿದ್ದೇನೆ. ಒಂದು ಅಂಗಡಿಯ ಬೀಗದ ಕೈ ಗೊಂಚಲಿಗೇ ಕಟ್ಟಿದೆ. ಬಾಗಿಲು ಹಾಕಿದ ಮೇಲೆ ಅಪ್ಪ ಅದನ್ನು ಮರೆತು ಬರುವ ಹಾಗಿಲ್ಲ.